ಹೆಸರಿಗೆ ಅಂಟಿದ ಅಪರಾಧ

ವಿಜಯಪುರದ ಗಾಂಧಿ ಚೌಕದಲ್ಲಿ ಚಹಾ ಕುಡಿಯುತ್ತ ಪತ್ರಿಕೆ ಓದುವುದು ನನ್ನ ರೂಢಿ. ಒಂದು ಬೆಳಿಗ್ಗೆ ಕಳವಿನ ಸುದ್ದಿಯಲ್ಲಿ ಆರೋಪಿಗಳ ಹೆಸರಿಗಿಂತ ಮೊದಲು ಅವರ ಜಾತಿಯ ಹೆಸರಿತ್ತು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, "ಅಲ್ರೀ, ಬ್ಯಾಂಕಿಗೆ ಟೊಪಿಗಿ ಹಾಕಿದವರ ಜಾತಿ ಯಾಕ ಬರಿಯಂಗಿಲ್ಲ ಇವರು?" ಎಂದರು. ಉತ್ತರಕ್ಕಾಗಿ ನೂರು ವರ್ಷಕ್ಕಿಂತ ಹಿಂದೆ ಹೋಗಬೇಕಾಗುತ್ತದೆ.

1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತಂದಿತು. ಮೊದಲು ಉತ್ತರ ಭಾರತದಲ್ಲಿ ಜಾರಿಯಾದ ಅದರ ವ್ಯಾಪ್ತಿ 1911ರಲ್ಲಿ ವಿಸ್ತರಿಸಿತು. ಒಂದು ಸಮುದಾಯದ ಹೆಸರು ಅಧಿಸೂಚನೆಯಲ್ಲಿ ಬಂದರೆ ಅದರ ಜನರನ್ನು ನೋಂದಾಯಿಸಿ, ಬೆರಳಚ್ಚು ಪಡೆದು, ಪೊಲೀಸರೆದುರು ಹಾಜರಿ ಹಾಕಿಸಬಹುದಿತ್ತು. ಒಬ್ಬೊಬ್ಬರ ತಪ್ಪು ಸಾಬೀತಾಗಬೇಕೆಂದಿರಲಿಲ್ಲ. ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಂತೆ ವಿಜಾಪುರದಲ್ಲೂ ಇಂಥವರಿಗಾಗಿ 'ಸೆಟ್ಲಮೆಂಟ್' ಇತ್ತು. ಸ್ಟಾರ್ಟೆ ಎಂಬ ಐ.ಸಿ.ಎಸ್. ಅಧಿಕಾರಿ ಅದರ ಹೊಣೆ ಹೊತ್ತಿದ್ದರು.

ಈ ಕಾನೂನಿಗೆ ಬೇಕಾದ ಚಿತ್ರಗಳನ್ನು ಪುಸ್ತಕಗಳು ಒದಗಿಸಿದವು. 1884ರ ವಿಜಾಪುರ ಗೆಜೆಟಿಯರ್ ಒಂದೊಂದು ಜಾತಿಗೂ ಮೈಕಟ್ಟು, ಉಡುಗೆ, ಸ್ವಭಾವ ಎಂದು ಒಂದೇ ಅಚ್ಚಿನ ವಿವರಣೆ ಕೊಡುತ್ತದೆ. ಮುಂಬಯಿ ಪ್ರಾಂತದ ಅಪರಾಧಿ ವರ್ಗಗಳ ಬಗ್ಗೆ ಪೊಲೀಸ್ ಅಧಿಕಾರಿ ಕೆನಡಿ 1908ರಲ್ಲಿ ಹೊರತಂದ ಕೈಪಿಡಿಯಲ್ಲಿ ನಮ್ಮ ಜಿಲ್ಲೆಯ ಛಪ್ಪರಬಂದರು ಖೋಟಾ ನಾಣ್ಯದವರಾಗಿ ಕಾಣಿಸಿಕೊಳ್ಳುತ್ತಾರೆ. ಹೆಸರು ಹೇಳುವ ಅವರ ಕಸುಬು ಛಪ್ಪರ ಕಟ್ಟುವುದು. ಅವರಲ್ಲಿ ಕೆಲವರು ಖೋಟಾ ನಾಣ್ಯ ಮಾಡಿರಬಹುದು. ಆದರೆ ಇಂಥ ಬರಹದಲ್ಲಿ 'ಕೆಲವರು' ಸದ್ದಿಲ್ಲದೆ 'ಅವರು' ಆಗಿಬಿಡುತ್ತಾರೆ. ಅಂದು ಹುಟ್ಟಿದ ಕೂಸೂ ಆ 'ಅವರಲ್ಲಿ' ಸೇರುತ್ತದೆ.

ಇದನ್ನು ಬೇರೆಯವರ ತಪ್ಪೆಂದಷ್ಟೇ ಹೇಳುವ ಹಾಗಿಲ್ಲ. ಎಂ.ಎ. ಓದುವಾಗ ಗೆಜೆಟಿಯರಿನ ಅಂಥ ಸಾಲುಗಳನ್ನು ಕನ್ನಡಕ್ಕೆ ಇಳಿಸಿ, 'ಆಧಾರ' ಎಂದು ನನ್ನ ಕಿರುಪ್ರಬಂಧದಲ್ಲಿ ಸೇರಿಸಿದ್ದೆ. ಒಳ್ಳೆಯ ಅಂಕ ಬಂತು. ಆ ಸಮುದಾಯದ ಒಬ್ಬರನ್ನೂ ನಾನು ಮಾತಾಡಿಸಿರಲಿಲ್ಲ.

1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಗಿ, ಆ ಸಮುದಾಯಗಳು 'ವಿಮುಕ್ತ' ಎನಿಸಿಕೊಂಡವು. ಕಾಯ್ದೆ ಹೋಯಿತು, ವಾಕ್ಯ ಉಳಿಯಿತು. ಸುದ್ದಿಮನೆಯಲ್ಲಿ ಕೆಲವರ ಅಪರಾಧಕ್ಕೆ ಮಾತ್ರ ಜಾತಿ ನೆನಪಾಗುವುದು ಆ ಉಳಿಕೆಯಿಂದಲೇ. ಬ್ಯಾಂಕಿಗೆ ವಂಚಿಸಿದವನು ಒಬ್ಬ ವ್ಯಕ್ತಿ. ಕೋಳಿ ಕದ್ದವನು ಒಂದು ಕುಲ.

ಈಗ ಪಿಎಚ್.ಡಿ. ಪ್ರಬಂಧದ ಆ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ಪ್ರತಿ ಉಲ್ಲೇಖದ ಮುಂದೆ ಎರಡು ಪ್ರಶ್ನೆ ಇಡುತ್ತೇನೆ: ಇದನ್ನು ಬರೆದವರು ಯಾರು? ಯಾರು ಓದಲೆಂದು ಬರೆದರು? ಕೆಲಸ ನಿಧಾನವಾಗಿದೆ. ಚೌಕದ ಆ ಹಿರಿಯರು ಸಿಕ್ಕಾಗಲೆಲ್ಲ, "ಮುಗೀತೇನ್ರಿ ನಿಮ್ಮ ಬರಿಯೂದು?" ಎಂದು ಕೇಳುತ್ತಾರೆ. ಇನ್ನೂ ಇಲ್ಲ ಎನ್ನುತ್ತೇನೆ.