ಸಹಾಯಕ ಕ್ರಿಯಾಪದದ ಮಗ್ಗುಲಲ್ಲಿ

ನಾಳೆ ಬರುವೆನೆಂದೋ, ಬರಬಹುದೆಂದೋ, ಬರಲೇಬೇಕೆಂದೋ ಹೇಳುವುದಕ್ಕೆ ಇಂಗ್ಲಿಷರು ಆಶ್ರಯಿಸುವ ಕ್ಯಾನ್, ಮೇ, ವಿಲ್, ಶಲ್, ಮಸ್ಟ್ ಎಂಬ ಸಹಾಯಕ ಕ್ರಿಯಾಪದಗಳೂ, ಅವುಗಳ ಮಗ್ಗುಲಲ್ಲಿ ನಿಂತು ಅರ್ಥವನ್ನು ಬಿಗಿಗೊಳಿಸುವ ಅಥವಾ ಸಡಿಲಿಸುವ ಸರ್ಟನ್ಲಿ, ಪ್ರಾಬಬ್ಲಿ, ಹಾರ್ಡ್ಲಿ ಮೊದಲಾದ ಕ್ರಿಯಾವಿಶೇಷಣಗಳೂ ನಮ್ಮ ಶಾಲಾ ಬಾಲಕನಿಗೆ ಬರಿಯ ಅಭ್ಯಾಸಪಾಠವಾಗಿ ತೋರುತ್ತಿದ್ದರೂ, ಅವುಗಳ ಹಿಂದೆ ಸಾವಿರ ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಒಬ್ಬ ಗಣಿತಜ್ಞನಿದ್ದಾನೆ, ಧರ್ಮಗುರುಗಳಿದ್ದಾರೆ, ಒಬ್ಬ ವಕೀಲನಿದ್ದಾನೆ. ಒಂದು ದೊಡ್ಡ ರಾಷ್ಟ್ರದ ಅಧ್ಯಕ್ಷರು ತಾವು ಸ್ವೀಕರಿಸಿದ ಪ್ರಮಾಣವಚನವನ್ನು ಮರುದಿನ ಪುನಃ ಸ್ವೀಕರಿಸಬೇಕಾಗಿ ಬಂದ ಪ್ರಸಂಗವೂ ಇದೆ.

ಪ್ರಾಚೀನ ಇಂಗ್ಲಿಷಿನಲ್ಲಿ ಈ ಸಹಾಯಕಗಳು ಯಾವ ಕ್ರಿಯಾಪದಕ್ಕೂ ಅಡಿಯಾಳಾಗಿರಲಿಲ್ಲ. ಸ್ವತಂತ್ರವಾಗಿ ಬಾಳಿದ ಪೂರ್ಣ ಕ್ರಿಯಾಪದಗಳಾಗಿದ್ದವು. ಶಲ್ ಎಂಬುದು ಋಣಿಯಾಗಿರುವುದನ್ನೂ, ವಿಲ್ ಎಂಬುದು ಇಚ್ಛಿಸುವುದನ್ನೂ, ಮೇ ಎಂಬುದು ಶಕ್ತನಾಗಿರುವುದನ್ನೂ ಸೂಚಿಸುತ್ತಿದ್ದವು. ಕ್ಯಾನ್ ಎಂಬುದಕ್ಕೆ ಬಲ್ಲೆನೆಂಬ ಅರ್ಥವಿದ್ದಿತು. ಅರಿವಿನಿಂದ ಸಾಮರ್ಥ್ಯಕ್ಕೆ ಸಾಗುವ ಈ ಅರ್ಥಪರಿಣಾಮವು ಕನ್ನಡಿಗನಿಗೆ ವಿಚಿತ್ರವೆನಿಸದು. ನಮ್ಮ 'ಮಾಡಬಲ್ಲೆ'ಯೂ ಅದೇ ಹಾದಿಯಲ್ಲಿ ನಡೆದು ಬಂದುದು. ಮಸ್ಟ್ ಎಂಬುದಂತೂ ಅನುಮತಿಯನ್ನು ಹೇಳುತ್ತಿದ್ದ ಒಂದು ಧಾತುವಿನ ಭೂತಕಾಲದ ರೂಪವಾಗಿದ್ದು, ಕಾಲಕ್ರಮದಲ್ಲಿ ನಿರ್ಬಂಧವನ್ನೇ ಹೇಳುವ ಪದವಾಯಿತು. ಇವುಗಳಲ್ಲಿ ಬಹುತೇಕ ಪದಗಳ ವರ್ತಮಾನರೂಪವು ಅತಿಪ್ರಾಚೀನವಾದೊಂದು ಭೂತರೂಪದಿಂದ ಬಂದುದಾದುದರಿಂದಲೇ, ಇತರ ಕ್ರಿಯಾಪದಗಳಿಗೆ ಪ್ರಥಮಪುರುಷ ಏಕವಚನದಲ್ಲಿ ಸೇರುವ ಸಕಾರವು ಇವುಗಳಿಗೆ ಸೇರುವುದಿಲ್ಲ. ಈ ಕಾರಣವನ್ನು ತಿಳಿಸದೆ ನಿಯಮವನ್ನು ಮಾತ್ರ ಬಾಯಿಪಾಠ ಮಾಡಿಸುವ ಪದ್ಧತಿಯು ಎಷ್ಟೋ ಮಕ್ಕಳಿಗೆ ಭಾಷೆಯಲ್ಲಿ ಇರಬಹುದಾಗಿದ್ದ ಕುತೂಹಲವನ್ನು ಕಸಿದುಕೊಂಡಿದೆಯೆಂದೇ ನನ್ನ ದೃಢವಾದ ಅಭಿಪ್ರಾಯ.

ಋಣವನ್ನು ಹೇಳುತ್ತಿದ್ದ ಪದವೂ ಇಚ್ಛೆಯನ್ನು ಹೇಳುತ್ತಿದ್ದ ಪದವೂ ಕ್ರಮೇಣ ಭವಿಷ್ಯತ್ಕಾಲವನ್ನು ಹೇಳುವ ಕಾರ್ಯದಲ್ಲಿ ಒಂದಕ್ಕೊಂದು ಪ್ರತಿಸ್ಪರ್ಧಿಗಳಾದಾಗ, ಎಲ್ಲಿ ಯಾವುದು ಸಲ್ಲುವುದೆಂಬ ಪ್ರಶ್ನೆ ಸಹಜವಾಗಿಯೇ ಹುಟ್ಟಿತು. ಅದಕ್ಕೆ ಪ್ರಸಿದ್ಧವಾದ ಉತ್ತರವನ್ನು ಕೊಟ್ಟವನು ಆಕ್ಸ್‌ಫರ್ಡಿನಲ್ಲಿ ರೇಖಾಗಣಿತದ ಪ್ರಾಧ್ಯಾಪಕನಾಗಿದ್ದ, ಅನಂತಸಂಖ್ಯೆಯ ಚಿಹ್ನೆಯನ್ನು ಗಣಿತಕ್ಕೆ ತಂದುಕೊಟ್ಟ ಜಾನ್ ವಾಲಿಸ್. ಪರದೇಶೀಯರಿಗೆ ಇಂಗ್ಲಿಷನ್ನು ತಿಳಿಸಲೆಂದು 1653ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಆತ ಪ್ರಕಟಿಸಿದ ವ್ಯಾಕರಣದ ಪ್ರಕಾರ, ಉತ್ತಮಪುರುಷದಲ್ಲಿ ಶಲ್ ಎಂಬುದು ಮುಂದಾಗುವುದನ್ನು ಸುಮ್ಮನೆ ತಿಳಿಸುತ್ತದೆ, ವಿಲ್ ಎಂಬುದು ವಾಗ್ದಾನವನ್ನೋ ಬೆದರಿಕೆಯನ್ನೋ ಸೂಚಿಸುತ್ತದೆ. ಉಳಿದೆರಡು ಪುರುಷಗಳಲ್ಲಿ ಈ ವ್ಯವಸ್ಥೆ ತಲೆಕೆಳಗಾಗುತ್ತದೆ. ಮುಂದೆ ಲಂಡನ್ನಿನ ಬಿಷಪ್ ಪದವಿಗೇರಿದ ರಾಬರ್ಟ್ ಲೌತ್ 1762ರ ತನ್ನ ವ್ಯಾಕರಣದಲ್ಲಿ ಇದನ್ನು ಎತ್ತಿಹಿಡಿದನು. ಅಮೆರಿಕದಲ್ಲಿ ವಕೀಲಿ ನಡೆಸಿ, ಅನಂತರ ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಬಳಿ ನೆಲಸಿದ ಲಿಂಡ್ಲೆ ಮರ್ರೆಯು ಅಲ್ಲಿಯ ಒಂದು ಬಾಲಿಕಾ ಪಾಠಶಾಲೆಯ ಉಪಯೋಗಕ್ಕಾಗಿ 1795ರಲ್ಲಿ ಬರೆದ ಪುಸ್ತಕವಂತೂ ಲಕ್ಷಗಟ್ಟಲೆ ಪ್ರತಿಗಳಲ್ಲಿ ಹರಡಿ, ಈ ನಿಯಮವನ್ನು ಸಮುದ್ರದಾಚೆಗೂ ಒಯ್ದಿತು. ನೆಸ್‌ಫೀಲ್ಡನ ವ್ಯಾಕರಣವನ್ನೂ, ಅನಂತರದಲ್ಲಿ ರೆನ್ ಮತ್ತು ಮಾರ್ಟಿನ್ನರ ಪುಸ್ತಕವನ್ನೂ ಓದಿ ಬೆಳೆದ ಕನ್ನಡನಾಡಿನ ವಿದ್ಯಾರ್ಥಿಗಳ ತಲೆಮಾರುಗಳು ಕಂಠಸ್ಥ ಮಾಡಿದುದು ಮೂಲತಃ ವಾಲಿಸನ ಸೂತ್ರವನ್ನೇ.

ಈ ನಿಯಮವು ವಿದ್ವತ್ತಿನ ಗೃಹದಲ್ಲಿ ಹುಟ್ಟಿದರೂ ಸಮಾಜದಲ್ಲಿ ಮೇಲುಕೀಳುಗಳನ್ನು ಎಣಿಸುವ ಸಾಧನವಾಗಿ ಪರಿಣಮಿಸಿದುದು ವಿಷಾದಕರ. ನೀರಿನಲ್ಲಿ ಮುಳುಗುತ್ತಿದ್ದ ಐರಿಷನೊಬ್ಬನು ವಿಲ್ ಮತ್ತು ಶಲ್‌ಗಳನ್ನು ಅದಲುಬದಲು ಮಾಡಿ ಕೂಗಿದುದರಿಂದ, ಮುಳುಗುವುದೇ ಆತನ ಸಂಕಲ್ಪವೆಂದೂ, ಯಾರೂ ತನ್ನನ್ನು ರಕ್ಷಿಸಕೂಡದೆಂಬುದು ಆತನ ಆಜ್ಞೆಯೆಂದೂ ಭಾವಿಸಿ ದಡದವರು ಸುಮ್ಮನಿದ್ದರೆಂಬ ಕಥೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ಮತ್ತೆ ಹೇಳಲಾಗುತ್ತಿತ್ತು. ಕೆಲವೊಮ್ಮೆ ಐರಿಷನ ಸ್ಥಾನದಲ್ಲಿ ಸ್ಕಾಟಿಷನಿರುತ್ತಿದ್ದನು. ಐರ್ಲೆಂಡ್, ಸ್ಕಾಟ್ಲೆಂಡ್, ಅಮೆರಿಕಗಳ ಜನರು ಉತ್ತಮಪುರುಷದಲ್ಲಿಯೂ ವಿಲ್ ಎಂದೇ ಆಡುತ್ತಿದ್ದುದು ಅವರ ಅಜ್ಞಾನವಲ್ಲ, ಅವರ ನುಡಿಯ ಧರ್ಮ. ಈ ಭೇದವು ದಕ್ಷಿಣ ಇಂಗ್ಲೆಂಡಿನವನಿಗೆ ಹುಟ್ಟಿನಿಂದ ಬರತಕ್ಕದ್ದು, ಉಳಿದವರಿಗೆ ಬಹುಮಟ್ಟಿಗೆ ದುಸ್ಸಾಧ್ಯವಾದುದು ಎಂದು 1906ರಲ್ಲಿ ಇಂಗ್ಲಿಷ್ ಪ್ರಯೋಗವನ್ನು ಕುರಿತು ಬರೆದ ಫೌಲರ್ ಸಹೋದರರೇ ಒಪ್ಪಿಕೊಂಡರೂ, ಆ ಬಳಿಕವೂ ಅದನ್ನೇ ಪುಟಗಟ್ಟಲೆ ಬೋಧಿಸಿದರು. 1925ರಲ್ಲಿ ಅಮೆರಿಕದ ಚಾರ್ಲ್ಸ್ ಫ್ರೈಸ್ ಎಂಬ ವಿದ್ವಾಂಸನು ನಾಟಕಗಳ ಸಂಭಾಷಣೆಗಳನ್ನು ಶೋಧಿಸಿ, ವಾಸ್ತವಪ್ರಯೋಗವು ಸೂತ್ರಕ್ಕೆ ಹೊಂದುವುದಿಲ್ಲವೆಂದು ತೋರಿಸಿಕೊಟ್ಟನು.

ಇನ್ನು ಕ್ರಿಯಾವಿಶೇಷಣದ ಸ್ಥಾನದ ವಿಚಾರ. ಸಹಾಯಕಕ್ಕೂ ಮುಖ್ಯಕ್ರಿಯೆಗೂ ನಡುವೆ ಇರುವ ಎಡೆಯೇ ಇಂಗ್ಲಿಷಿನಲ್ಲಿ ಅದಕ್ಕೆ ಸಹಜವಾದ ನೆಲೆ. ಬಂದೇ ಬರುವೆನೆನ್ನುವವನು 'ಐ ವಿಲ್ ಸರ್ಟನ್ಲಿ ಕಮ್' ಎನ್ನುತ್ತಾನೆ. ಆದರೆ 'ಟು' ಎಂಬ ಶಬ್ದಕ್ಕೂ ಧಾತುವಿಗೂ ನಡುವೆ ಏನನ್ನೂ ತೂರಿಸಬಾರದೆಂಬ ಮಡಿಯೊಂದು ಹತ್ತೊಂಬತ್ತನೆಯ ಶತಮಾನದಲ್ಲಿ ತಲೆದೋರಿತು; 1864ರಲ್ಲಿ ಕ್ಯಾಂಟರ್‌ಬರಿಯ ಡೀನ್ ಹೆನ್ರಿ ಆಲ್ಫರ್ಡ್ ಅದಕ್ಕೆ ತನ್ನ ಅಧಿಕಾರವಾಣಿಯನ್ನು ಸೇರಿಸಿದನು. ಅಲ್ಲಿಂದ ಮುಂದೆ ಕೆಲವರು ಈ ನಿಷೇಧವನ್ನು ಸಹಾಯಕ ಕ್ರಿಯಾಪದಗಳಿಗೂ ವಿಸ್ತರಿಸಿ, ಸರ್ಟನ್ಲಿಯನ್ನು ನಡುವಿನಿಂದ ಕಿತ್ತು ಹೊರಗಿಡಬೇಕೆಂದು ವಿಧಿಸತೊಡಗಿದರು. 1926ರ ತನ್ನ ಪ್ರಯೋಗಕೋಶದಲ್ಲಿ ಫೌಲರ್ ಸಹೋದರರಲ್ಲಿ ಒಬ್ಬನಾದ ಹೆನ್ರಿ ಈ ಭ್ರಾಂತಿಯನ್ನು ಖಂಡಿಸಿ, ನಡುವೆ ನಿಲ್ಲುವುದೇ ಅದರ ವಾಡಿಕೆಯ ಸ್ಥಾನವೆಂದು ನಿರ್ಣಯಿಸಿದರೂ, ಭ್ರಾಂತಿ ಸಾಯಲಿಲ್ಲ.

ಅದು ಎಷ್ಟು ದೀರ್ಘಾಯುವೆಂಬುದಕ್ಕೆ 2009ರ ಜನವರಿ 20ರ ಪ್ರಸಂಗವನ್ನು ಸಾಕ್ಷಿಯಾಗಿ ತರಬಹುದು. ಅಮೆರಿಕದ ಸಂವಿಧಾನವು ವಿಧಿಸಿರುವ ಅಧ್ಯಕ್ಷೀಯ ಪ್ರತಿಜ್ಞೆಯಲ್ಲಿ, ನಿಷ್ಠೆಯಿಂದ ಎಂಬರ್ಥದ ಫೇಯ್ತ್‌ಫುಲಿ ಎಂಬ ಕ್ರಿಯಾವಿಶೇಷಣವು ವಿಲ್ ಎಂಬುದಕ್ಕೂ ಮುಖ್ಯಕ್ರಿಯೆಗೂ ನಡುವೆ ನಿಂತಿದೆ. ಬರಾಕ್ ಒಬಾಮರಿಗೆ ಪ್ರತಿಜ್ಞೆಯನ್ನು ಬೋಧಿಸುತ್ತಿದ್ದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸರು ಸ್ಮರಣೆಯಿಂದ ಹೇಳುವಾಗ ಆ ಪದವನ್ನು ವಾಕ್ಯದ ಕೊನೆಗೆ ಜರುಗಿಸಿದರು, ಒಬಾಮರು ಅರೆಕ್ಷಣ ತಡೆದು ನಿಂತರು, ಮುಂದಿನದು ತೊಡಕಾಯಿತು. ಸಂಶಯಕ್ಕೆ ಎಡೆಯಿರಬಾರದೆಂದು ಮರುದಿನ ಶ್ವೇತಭವನದಲ್ಲಿ ಪ್ರತಿಜ್ಞೆಯನ್ನು ಮತ್ತೆ ಬೋಧಿಸಲಾಯಿತು. ಕ್ರಿಯಾಪದಗಳನ್ನು ಒಡೆಯಬಾರದೆಂಬ ಹಳೆಯ ಪಾಠವೇ ನ್ಯಾಯಮೂರ್ತಿಗಳ ನಾಲಗೆಯನ್ನು ಹಿಡಿದೆಳೆದಿರಬೇಕೆಂದು ಭಾಷಾವಿಜ್ಞಾನಿ ಸ್ಟೀವನ್ ಪಿಂಕರ್ ತರ್ಕಿಸಿದರು.

ನಮ್ಮ ವಿದ್ಯಾರ್ಥಿಗಳು ಈ ನಡುವಿನ ಎಡೆಯಲ್ಲಿ ಎಡವುವುದಕ್ಕೆ ಕಾರಣವು ಸ್ಪಷ್ಟವಾಗಿದೆ. ಕನ್ನಡದಲ್ಲಿ 'ಬಹುದು', 'ಬೇಕು' ಎಂಬುವು ಕ್ರಿಯೆಯ ಬೆನ್ನಿಗೇ ಅಂಟಿಕೊಂಡು ಬರುವುದರಿಂದ, 'ಪ್ರಾಯಶಃ', 'ಖಂಡಿತ' ಮೊದಲಾದ ಅವ್ಯಯಗಳಿಗೆ ಅಲ್ಲಿ ನಿಲ್ಲಲು ತಾವಿಲ್ಲ. ಆದರೂ 'ಬರಲೇಬೇಕು', 'ಬರಲೂಬಹುದು' ಎಂಬ ರೂಪಗಳಲ್ಲಿ ಏಕಾರವೂ ಊಕಾರವೂ ಆ ಇಕ್ಕಟ್ಟಿನೊಳಗೇ ನುಸುಳಿ ಇಂಗ್ಲಿಷಿನ ಸರ್ಟನ್ಲಿ, ವೆಲ್ ಎಂಬುವುಗಳ ಕೆಲಸವನ್ನು ಮಾಡುತ್ತಿವೆ. ಇಂಗ್ಲಿಷ್ ಬೋಧಿಸುವ ಉಪಾಧ್ಯಾಯರು ಇಲ್ಲಿಂದಲೇ ಪಾಠವನ್ನು ಪ್ರಾರಂಭಿಸಬಾರದೇಕೆ?

ಶಲ್ ಮತ್ತು ವಿಲ್‌ಗಳ ಸೂಕ್ಷ್ಮಭೇದವನ್ನು ಇಂಗ್ಲಿಷರೇ ಈಗ ಬಹುಮಟ್ಟಿಗೆ ಬಿಟ್ಟುಕೊಟ್ಟಿದ್ದಾರೆ. 1961ರ ಮತ್ತು 1991ರ ಬ್ರಿಟಿಷ್ ಬರವಣಿಗೆಗಳಿಂದ ಸಂಗ್ರಹಿಸಿದ ಹತ್ತು ಹತ್ತು ಲಕ್ಷ ಪದಗಳ ಎರಡು ಭಂಡಾರಗಳನ್ನು ಹೋಲಿಸಿದ ಭಾಷಾವಿಜ್ಞಾನಿ ಜೆಫ್ರಿ ಲೀಚ್, ಶಲ್ ಪದದ ಬಳಕೆಯು ಶೇಕಡಾ 40ಕ್ಕೂ ಅಧಿಕವಾಗಿ ಕುಸಿದುದನ್ನು ಕಂಡರು; ಮಸ್ಟ್ ಮತ್ತು ಮೇಗಳೂ ಇಳಿಮುಖವಾಗಿದ್ದವು. ವಾಗ್ದಾನವನ್ನೂ ಭವಿಷ್ಯಕಥನವನ್ನೂ ಬೇರ್ಪಡಿಸುತ್ತಿದ್ದ ಪದವು ಹಿಂದೆ ಸರಿದಾಗ, ಆ ಹೊರೆಯನ್ನು ದಿನಬಳಕೆಯಲ್ಲಿ ಹೊತ್ತುಕೊಂಡಿರುವುದು ಮಗ್ಗುಲಲ್ಲಿದ್ದ ಕ್ರಿಯಾವಿಶೇಷಣವೇ ಎಂದು ನನಗೆ ತೋರುತ್ತದೆ: ಸರ್ಟನ್ಲಿ ಸೇರಿದ ವಿಲ್ ವಚನವಾಗುತ್ತದೆ, ಪ್ರಾಬಬ್ಲಿ ಸೇರಿದ ವಿಲ್ ಊಹೆಯಾಗುತ್ತದೆ. ಶಲ್ ತನ್ನ ಪ್ರಾಚೀನ ಋಣಭಾವದೊಡನೆ ಇನ್ನೂ ಗಟ್ಟಿಯಾಗಿ ನಿಂತಿರುವುದು ಶಾಸನಗಳಲ್ಲಿ. ಭಾರತ ಸಂವಿಧಾನದ ಇಂಗ್ಲಿಷ್ ಪಾಠದ ವಿಧಿವಾಕ್ಯಗಳು ಬಹುಮಟ್ಟಿಗೆ ಅದರಿಂದಲೇ ನಡೆಯುತ್ತವೆ, ಕರ್ನಾಟಕದ ಅಧಿನಿಯಮಗಳ ಕನ್ನಡ ಪಾಠಗಳಲ್ಲಿ ಅದೇ ಕಾರ್ಯವನ್ನು 'ತಕ್ಕದ್ದು' ಎಂಬುದು ನಿರ್ವಹಿಸುತ್ತಿದೆ.