ಡೀಸೆಲ್ ಲೆಕ್ಕದ ಪುಸ್ತಕ

ಬದನಗುಪ್ಪೆಯ ಹಳಬರಿಗೆ ಎಂಜಿನ್ ಎಂದರೆ ರೈಲು. ನಂಜನಗೂಡಿಗೆ ಬಂದು ನಿಂತಿದ್ದ ರೈಲುದಾರಿ 1926ರಲ್ಲಿ ಚಾಮರಾಜನಗರದವರೆಗೆ ಬೆಳೆಯಿತು. ಆ ದಾರಿಯಲ್ಲಿ ಕವಲಂದೆ ಕಳೆದ ಮೇಲೆ ನಮ್ಮೂರಿಗೂ ಒಂದು ಪುಟ್ಟ ನಿಲ್ದಾಣವಿದೆ. ಗಡಿಯಾರವಿಲ್ಲದ ಮನೆಗಳಲ್ಲಿ ರೈಲಿನ ಕೂಗು ಕೇಳಿ ಒಲೆ ಹಚ್ಚುತ್ತಿದ್ದ ಕಾಲವನ್ನು ನಮ್ಮಜ್ಜಿ ಹೇಳುತ್ತಿದ್ದರು. ಉಗಿ ಎಂಜಿನ್ನಿನ ಕಾಯಿಲೆ ಕಣ್ಣಿಗೆ ಕಾಣುವಂಥದು. ಎಲ್ಲಿ ಬಿರುಕು ಬಿಟ್ಟಿದೆಯೋ ಅಲ್ಲಿ ಹಬೆ ಬುಸುಗುಡುತ್ತದೆ. ಡೀಸೆಲ್ ಎಂಜಿನ್ನಿನ ಸ್ವಭಾವ ಬೇರೆ. ಅದು ನೋವನ್ನು ಒಳಗೇ ಇಟ್ಟುಕೊಂಡು ಹೊರಗೆ ಕೆಮ್ಮುತ್ತದೆ. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಆ ಕೆಮ್ಮಿಗೆ ‘ಮಿಸ್ಸಿಂಗ್ ಹೊಡೀತದ’ ಎನ್ನುತ್ತಾರೆ. ನಾಲ್ಕು ಸಿಲಿಂಡರುಗಳು ಸರದಿಯ ಮೇಲೆ ದುಡಿಯಬೇಕಾದ ಕಡೆ ಒಂದು ಸುಮ್ಮನಾಯಿತೆಂದು ಅರ್ಥ.

ಈ ವಿಷಯ ನಮಗೇಕೆ, ಗಂಡಸರ ಪಾಡು ಗಂಡಸರಿಗೆ ಎಂದು ನೀವು ಪುಟ ತಿರುವುವ ಮೊದಲು ಒಂದು ಮಾತು. ಮೋಟಾರು ಕಾರಿನಲ್ಲಿ ಮೊತ್ತಮೊದಲು ದೂರದ ಪ್ರಯಾಣ ಮಾಡಿದವರು ಒಬ್ಬ ಹೆಂಗಸು. 1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬರ್ತಾ ಬೆಂಜ್ ತಮ್ಮ ಗಂಡ ಕಾರ್ಲ್ ಬೆಂಜ್ ತಯಾರಿಸಿದ ಮೂರು ಚಕ್ರದ ಗಾಡಿಯನ್ನು, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಹೊರಡಿಸಿದರು. ಮ್ಯಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ನಡುವೆ ಎಣ್ಣೆಯ ಕೊಳವೆ ಕಟ್ಟಿಕೊಂಡಿತು. ಆಕೆ ಟೋಪಿಗೆ ಸಿಕ್ಕಿಸಿದ ಪಿನ್ನು ತೆಗೆದು ಕಸ ಬಿಡಿಸಿದರು. ತಂತಿಯೊಂದರ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದರು. ಇಂಧನ ಮುಗಿದಾಗ ಔಷಧಿ ಅಂಗಡಿಗೆ ಹೋಗಿ ಕೊಂಡರು. ಬ್ರೇಕಿನ ಮರದ ಕಟ್ಟೆ ಸವೆದಾಗ ಚಮ್ಮಾರನಿಂದ ಚರ್ಮ ಹೊಡೆಸಿದರು. ಅವರ ಕೈಯಲ್ಲಿದ್ದ ಸಲಕರಣೆ ಮನೆಯ ಹೆಂಗಸಿನ ಬಳಿ ದಿನವೂ ಇರುವಂಥದ್ದೇ.

ಡೀಸೆಲ್ ಎಂಬುದು ಎಣ್ಣೆಯ ಹೆಸರಾಗುವ ಮೊದಲು ಒಬ್ಬ ಮನುಷ್ಯನ ಹೆಸರಾಗಿತ್ತು. ರುಡಾಲ್ಫ್ ಡೀಸೆಲ್ 1858ರಲ್ಲಿ ಪ್ಯಾರಿಸ್ಸಿನಲ್ಲಿ ಜರ್ಮನ್ ತಂದೆತಾಯಿಗಳಿಗೆ ಹುಟ್ಟಿದವರು. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ. ಸೈಕಲ್ ಪಂಪ್ ಹೊಡೆದವರಿಗೆಲ್ಲ ಇದು ಗೊತ್ತು. ಇಪ್ಪತ್ತು ಪಾಲು ಗಾಳಿಯನ್ನು ಒಂದು ಪಾಲಿನ ಜಾಗಕ್ಕೆ ಅದುಮಿದರೆ ಐನೂರು ಡಿಗ್ರಿಗೂ ಮೇಲೆ ಕಾಯುತ್ತದೆ. ಆ ಕಾವಿಗೆ ಎಣ್ಣೆಯನ್ನು ಮಂಜಿನಂತೆ ಚಿಮ್ಮಿಸಿದರೆ ಕಿಡಿಯಿಲ್ಲದೆ ಹತ್ತಿಕೊಳ್ಳುತ್ತದೆ. ಇಷ್ಟೇ ಅವರ ಎಂಜಿನ್ನಿನ ಗುಟ್ಟು. ಇದು ಆಗ್ಸ್‌ಬರ್ಗ್ ಊರಿನ ಕಾರ್ಖಾನೆಯಲ್ಲಿ ಸರಿಯಾಗಿ ನಡೆದದ್ದು 1897ರಲ್ಲಿ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಇಂಥದೊಂದು ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತು. ಹೆಸರು ಬಂತು, ಹಣ ಬಂತು, ಬಂದ ಹಣ ಕೈಬಿಟ್ಟೂ ಹೋಯಿತು. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ಅವರು ಕಾಣೆಯಾದರು. ಹೊರಡುವ ಮುನ್ನ ಹೆಂಡತಿ ಮಾರ್ತಾಳ ಕೈಗೆ ಒಂದು ಚೀಲ ಕೊಟ್ಟು, ಒಂದು ವಾರ ತೆರೆಯಬೇಡ ಎಂದಿದ್ದರೆಂದೂ, ಅದರಲ್ಲಿ ಉಳಿದಿದ್ದ ನಗದು ಹಣವೂ ಸಾಲದ ಕಾಗದಗಳೂ ಇದ್ದವೆಂದೂ ಹೇಳುತ್ತಾರೆ. ಮನೆಯ ಲೆಕ್ಕ ಹೆಂಡತಿಗೆ ತಿಳಿಯುವುದು ಎಲ್ಲ ಮುಗಿದ ಮೇಲೆಯೇ ಎಂಬುದು ಆ ದೇಶದಲ್ಲೂ ಇತ್ತೆಂದಾಯಿತು.

ಎಣ್ಣೆಯನ್ನು ಚಿಮ್ಮಿಸುವ ಪಂಪನ್ನು ಗಾಡಿಗೆ ಒಗ್ಗುವಷ್ಟು ಚಿಕ್ಕದಾಗಿ ಮಾಡಿ 1927ರಿಂದ ದೊಡ್ಡ ಸಂಖ್ಯೆಯಲ್ಲಿ ತಯಾರಿಸಿದ್ದು ಸ್ಟುಟ್‌ಗಾರ್ಟ್‌ನ ಬಾಷ್ ಕಂಪನಿ. ಅದೇ ಕಂಪನಿಯ ಸಹಯೋಗದಲ್ಲಿ 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯಾದದ್ದು ನಮ್ಮೆಲ್ಲರಿಗೂ ಗೊತ್ತಿರುವ ಮೈಕೋ. 2008ರಲ್ಲಿ ಅದರ ಹೆಸರು ಬಾಷ್ ಎಂದೇ ಬದಲಾಯಿತು. ಆದರೆ ನಮ್ಮ ಕಡೆಯ ಮೇಸ್ತ್ರಿಗಳ ಬಾಯಲ್ಲಿ ಪಂಪು, ನಾಸಲ್ ಎಲ್ಲವೂ ಇಂದಿಗೂ ಮೈಕೋ. ಆ ಪಂಪಿನೊಳಗೆ ಬೆರಳಿನಷ್ಟಿರುವ ಉಕ್ಕಿನ ಕಡ್ಡಿ ಉಕ್ಕಿನ ಕೊಳವೆಯಲ್ಲಿ ಆಡುತ್ತದೆ. ಎರಡರ ನಡುವಣ ಸಂದು ಕೆಲವೇ ಮೈಕ್ರಾನು. ನಮ್ಮ ಒಂದು ತಲೆಗೂದಲಿನ ದಪ್ಪಕ್ಕೂ ಎಷ್ಟೋ ಪಟ್ಟು ಕಡಿಮೆ. ಅದು ಎಣ್ಣೆಯನ್ನು ಒತ್ತಬಲ್ಲದು, ಗಾಳಿಯನ್ನು ಒತ್ತಲಾರದು. ಗಾಳಿಯ ಗುಳ್ಳೆಯೊಂದು ಒಳಗೆ ಬಂದರೆ ಅದು ಕುಗ್ಗುತ್ತದೆ, ಹಿಗ್ಗುತ್ತದೆ. ನಾಸಲ್ ಬಾಯಿ ತೆರೆಯುವುದಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿರಲಿ.

1973ರ ಕೊನೆಯಲ್ಲಿ ಅರಬ್ ದೇಶಗಳ ಎಣ್ಣೆಯ ಬಿಕ್ಕಟ್ಟು ಬಂದಾಗ ಕೆಲವೇ ತಿಂಗಳಲ್ಲಿ ಕಚ್ಚಾ ಎಣ್ಣೆಯ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಪೆಟ್ರೋಲು ಶ್ರೀಮಂತರದೆಂದೂ ಡೀಸೆಲ್ಲು ಬಸ್ಸು, ಲಾರಿ, ಪಂಪ್‌ಸೆಟ್ಟಿನದೆಂದೂ ಬಗೆದು ನಮ್ಮ ಸರ್ಕಾರ ಡೀಸೆಲ್ ಬೆಲೆಯನ್ನು ತಗ್ಗಿಸಿಯೇ ಇಟ್ಟಿತು. ಆ ಹಿಡಿತ ಪೂರ್ತಿ ಸಡಿಲಿದ್ದು 2014ರ ಅಕ್ಟೋಬರಿನಲ್ಲಿ. ನಡುವಣ ವರ್ಷಗಳಲ್ಲಿ ಹಳೆಯ ಪೆಟ್ರೋಲ್ ಜೀಪು, ವ್ಯಾನು, ಅಂಬಾಸಡರುಗಳ ಹೃದಯ ಕಿತ್ತು ಡೀಸೆಲ್ ಹೃದಯ ಕೂರಿಸುವುದೇ ಒಂದು ಕಸುಬಾಯಿತು. ಮೆಟಡಾರ್ ಎಂಜಿನ್ ಹೊತ್ತ ಜೀಪುಗಳನ್ನು ನೀವೂ ನೋಡಿರುತ್ತೀರಿ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ಇದನ್ನು ಆರ್‌ಟಿಒ ಕಚೇರಿಯಲ್ಲಿ ಬರೆಸಬೇಕು. ಕಾಗದದಲ್ಲಿ ಬದಲಾವಣೆ ಬರೆಸಿದರೂ ಗಾಡಿಯ ಉಳಿದ ಅಂಗಗಳು ಹಳೆಯ ಎಂಜಿನ್ನಿಗೆ ಹೊಲಿದವೇ. ಟ್ಯಾಂಕು ಪೆಟ್ರೋಲಿನ ಕಾಲದ್ದು, ಕೊಳವೆಯೂ ಪೆಟ್ರೋಲಿನ ಕಾಲದ್ದು.

ಇಂಥದೊಂದು ಪಿಕಪ್ ಬದನಗುಪ್ಪೆಯಲ್ಲಿದ್ದ ನನ್ನ ಸೋದರತ್ತೆಯ ಮನೆಯಲ್ಲಿತ್ತು. ಚಾಮರಾಜನಗರದಲ್ಲಿ ಕಾಲೇಜು ಓದುವಾಗ ನಾನು ಅವರ ಮನೆಯಲ್ಲೇ ಇದ್ದೆ. ನಮ್ಮದು ಹೊಸ ಜಿಲ್ಲೆಯಾಗಿ ಒಂದೆರಡು ವರ್ಷವಾಗಿತ್ತು, 1998–99 ಇರಬೇಕು. ನಮ್ಮ ಸೀಮೆಯ ಅರಿಸಿನ ಹೋಗುವುದು ಈರೋಡ್ ಮಾರುಕಟ್ಟೆಗೆ. ಮಾವ ಅಕ್ಕಪಕ್ಕದ ಹೊಲಗಳ ಬೇಯಿಸಿ ಒಣಗಿಸಿದ ಅರಿಸಿನ ತುಂಬಿಕೊಂಡು ಪುಣಜನೂರು, ಹಾಸನೂರು ದಾಟಿ, ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿದು, ಸತ್ಯಮಂಗಲದ ಮೇಲೆ ಈರೋಡಿಗೆ ಹೋಗುತ್ತಿದ್ದರು. ಬರುವಾಗ ಅಲ್ಲಿನ ಹೊದಿಕೆ, ಟವೆಲ್ಲುಗಳ ಗಂಟು ತರುತ್ತಿದ್ದರು. ಅತ್ತೆ ಅದನ್ನು ಕಂತಿನ ಮೇಲೆ ಊರಲ್ಲಿ ಮಾರುತ್ತಿದ್ದರು. ಬಾಡಿಗೆ, ಡೀಸೆಲ್ಲು, ಸುಂಕ, ಊಟ ಎಲ್ಲಕ್ಕೂ ಅತ್ತೆಯದೇ ಲೆಕ್ಕದ ಪುಸ್ತಕ. ಅವರು ಓದಿದ್ದು ನಾಲ್ಕನೇ ಇಯತ್ತೆ.

ಆ ವರ್ಷ ಗಾಡಿ ಘಾಟಿ ಹತ್ತುವಾಗ ಕೆಮ್ಮತೊಡಗಿತು. ಇಳಿಯುವಾಗ ಏನೂ ಇಲ್ಲ, ಬಯಲಿನಲ್ಲಿ ಏನೂ ಇಲ್ಲ. ಬಣ್ಣಾರಿ ಅಮ್ಮನ ಗುಡಿ ದಾಟಿ ಏರು ಹಿಡಿದರೆ ಜಗ್ಗುತ್ತಿತ್ತು, ಬಿಳಿ ಹೊಗೆ ಉಗುಳುತ್ತಿತ್ತು, ಒಮ್ಮೊಮ್ಮೆ ನಿಂತೇ ಬಿಡುತ್ತಿತ್ತು. ಆ ಕಾಡು ಆಗ ಎಂಥ ಕಾಡೆಂದು ಬಿಡಿಸಿ ಹೇಳಬೇಕಿಲ್ಲ. ವೀರಪ್ಪನ್ ಹತನಾದದ್ದು 2004ರಲ್ಲಿ. ಡಾ. ರಾಜ್‌ಕುಮಾರ್ ಅವರನ್ನು 2000ದ ಜುಲೈನಲ್ಲಿ ಅಪಹರಿಸಿದ ಗಾಜನೂರು ಅದೇ ಸೀಮೆಯದು. ಕತ್ತಲಾದ ಮೇಲೂ ಮಾವ ಬರದಿದ್ದರೆ ಅತ್ತೆ ಒಲೆಯ ಮುಂದೆ ಕೂತು ಅಡುಗೆಯನ್ನು ಮತ್ತೆ ಮತ್ತೆ ಬಿಸಿ ಮಾಡುತ್ತಿದ್ದರು. ಒಂದು ರಾತ್ರಿ ಮಾವ ಘಾಟಿಯಲ್ಲೇ ಬೆಳಗು ಮಾಡಿ ಬಂದರು.

ಚಿಕಿತ್ಸೆ ಸಾಲಾಗಿ ನಡೆಯಿತು. ಮೊದಲು ಫಿಲ್ಟರ್ ಬದಲಾಯಿಸಿದರು. ಆಮೇಲೆ ಮೇಸ್ತ್ರಿ ಎಂಜಿನ್ ಚಾಲೂ ಇಟ್ಟು ಒಂದೊಂದೇ ನಾಸಲ್ ಪೈಪಿನ ನಟ್ಟು ಸಡಿಲಿಸಿ ಕಿವಿಗೊಟ್ಟ. ಯಾವ ಸಿಲಿಂಡರಿನ ಎಣ್ಣೆ ತಪ್ಪಿಸಿದರೂ ಸದ್ದು ಬದಲಾಗದೋ ಅದೇ ಸತ್ತ ಸಿಲಿಂಡರು. ಮನೆಯಲ್ಲಿ ಕೆಲಸ ಮಾಡದೆ ಕೂತವರು ಊರಿಗೆ ಹೋದರೆ ವ್ಯತ್ಯಾಸ ಗೊತ್ತಾಗದಲ್ಲ, ಹಾಗೆ. ಆದರೆ ನಿಂತ ಗಾಡಿಯಲ್ಲಿ ನಾಲ್ಕೂ ದುಡಿಯುತ್ತಿದ್ದವು. ಏರಿನಲ್ಲಿ ನೋಡಿದ ದಿನ ಒಮ್ಮೆ ಎರಡನೆಯದು ಸತ್ತಿತ್ತು, ಇನ್ನೊಮ್ಮೆ ನಾಲ್ಕನೆಯದು. ನಾಸಲ್‌ಗಳನ್ನು ಅದಲುಬದಲು ಮಾಡಿ ನೋಡಿದರೂ ದೋಷ ಒಂದರ ಬೆನ್ನು ಹತ್ತಲಿಲ್ಲ. ಕಡೆಗೆ ಪೇಟೆಯ ಗ್ಯಾರೇಜೊಂದರಲ್ಲಿ ತೀರ್ಪು ಬಂತು: ಪಂಪು ಮೈಸೂರಿಗೆ ಹೋಗಬೇಕು, ಎಂಜಿನ್ನೂ ಬೋರಿಗೆ ಬಂದಿರಬಹುದು. ಹೇಳಿದ ಮೊತ್ತ ಕೇಳಿ ಮಾವ ರಾತ್ರಿ ಊಟಕ್ಕೆ ಕೂತಾಗ ಅತ್ತೆಯ ಕೈ ನೋಡಿದರು. ಎರಡು ಜೊತೆ ಬಳೆ, ತವರಿನವು.

ಅತ್ತೆ ಬೇಡವೆನ್ನಲಿಲ್ಲ. ಮರುದಿನ ಊರಿನ ಹಳೆಯ ಮೇಸ್ತ್ರಿಯನ್ನು ಕರೆಸಿ ಪುಸ್ತಕ ಮುಂದಿಟ್ಟರು. ಪ್ರತಿ ಈರೋಡ್ ಸಾಲಿನ ಕೊನೆಗೆ, ಗಾಡಿ ತೊಂದರೆ ಕೊಟ್ಟ ದಿನ ‘ಕೆ’ ಎಂದು ಬರೆದಿದ್ದರು.

“ನೋಡಪ್ಪಾ, ನಗರದಲ್ಲಿ ಎಣ್ಣ ತುಂಬ್ಸಿ ಹೋದ ದಿನ ಎಲ್ಲಾ ಬರುವಾಗ ಕೆಮ್ಮದ. ಸತ್ಯಮಂಗಲ್ದಲ್ಲಿ ಟ್ಯಾಂಕಿ ತುಂಬ್ಸಿದ ಮೂರು ದಿನ ಕೆಮ್ಮಿಲ್ಲ” ಎಂದರು.

“ಹಂಗಾದ್ರ ನಗರದ ಎಣ್ಣಲಿ ಸೀಮೆಣ್ಣ ಬೆರ್ಸವ್ರ ಕನಕ್ಕ” ಎಂದ ಮೇಸ್ತ್ರಿ. ಅನುಮಾನ ಸಹಜವಾದದ್ದೇ. ಅಗ್ಗದ ಸೀಮೆಎಣ್ಣೆ ಬೆರಕೆಯಾಗುತ್ತದೆಂದೇ ರೇಷನ್ ಸೀಮೆಎಣ್ಣೆಗೆ ಸರ್ಕಾರ ನೀಲಿ ಬಣ್ಣ ಹಾಕಿಸುತ್ತಿತ್ತು.

ಅತ್ತೆ ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟರು. “ಈ ದಿನ ನಗರದ ಎಣ್ಣನೇ ಕ್ಯಾನಲಿ ತಕ್ಕಂಡು ಹೋಗಿದ್ರು. ಬಣ್ಣಾರಿಲಿ ಸುರ್ಕಂಡು ಹತ್ತವ್ರ. ಆಗ್ಲೂ ಕೆಮ್ಮಿಲ್ಲ. ಎಣ್ಣ ಯಾವ ಊರ್ದು ಅನ್ನದಲ್ಲ, ಟ್ಯಾಂಕಿಲಿ ಎಷ್ಟದ ಅನ್ನದು ನೋಡಪ್ಪ.”

ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಪಕ್ಕದಲ್ಲಿ ಮನೆ ಕಟ್ಟುತ್ತಿದ್ದ ಗಾರೆಯವರ ಹತ್ತಿರ ಹೋಗಿ, ಅವರು ನೀರಿನ ಮಟ್ಟ ನೋಡುವ ಪಾರದರ್ಶಕ ಪೈಪಿನ ತುಂಡೊಂದನ್ನು ಕೇಳಿ ತಂದ. ಟ್ಯಾಂಕಿನಿಂದ ಫಿಲ್ಟರಿಗೆ ಬರುವ ದಾರಿಯಲ್ಲಿ ಅದನ್ನು ಸೇರಿಸಿ, ಎಣ್ಣೆ ಅರ್ಧಕ್ಕಿಳಿಸಿ, ಎಂಜಿನ್ ಹಾಕಿ ಜೋರಾಗಿ ಒತ್ತಿದ. ನಾವೆಲ್ಲ ಬಗ್ಗಿ ನೋಡಿದೆವು. ಹಳದಿ ಎಣ್ಣೆಯೊಳಗೆ ಗುಳ್ಳೆಗಳು ಸಾಸಿವೆ ಕಾಳಿನಂತೆ ಒಂದರ ಹಿಂದೊಂದು ಹೋಗುತ್ತಿದ್ದವು. ಎಂಜಿನ್ ಕೆಮ್ಮಿತು. ಆಮೇಲೆ ಟ್ಯಾಂಕಿನ ಸಂಬಂಧ ಕಡಿದು, ಡೀಸೆಲ್ ತುಂಬಿದ ಕ್ಯಾನನ್ನು ಗಾಡಿಯ ನೆತ್ತಿಗೆ ಕಟ್ಟಿ, ಅಲ್ಲಿಂದ ಎಣ್ಣೆ ಬಿಟ್ಟ. ಗುಳ್ಳೆ ನಿಂತಿತು, ಸದ್ದು ತೇಯುವ ಕಲ್ಲಿನ ಹಾಗೆ ಸಮನಾಯಿತು. ಪಂಪಿಗೂ ಬೋರಿಗೂ ಏನೂ ಆಗಿಲ್ಲವೆಂದು ಅಲ್ಲಿಗೆ ಖಾತ್ರಿಯಾಯಿತು.

ದೋಷ ಸಿಕ್ಕಿದ್ದು ಟ್ಯಾಂಕಿನ ನೆತ್ತಿಯ ಮೇಲೆ. ಪೆಟ್ರೋಲ್ ಕಾಲದ ರಬ್ಬರ್ ತುಂಡೊಂದು ಒಣಗಿ ಕಲ್ಲಾಗಿ, ಕ್ಲಿಪ್ಪಿನ ಅಡಿಯಲ್ಲಿ ಕೂದಲೆಳೆಯಷ್ಟು ಸೀಳಿತ್ತು. ಎಂಜಿನ್ ಬದಲಾಯಿಸಿದವರು ಅದನ್ನು ಹಾಗೇ ಬಿಟ್ಟಿದ್ದರು. ಟ್ಯಾಂಕು ತುಂಬಿದ್ದಾಗ ಎಣ್ಣೆಯ ಮಟ್ಟ ಆ ಸೀಳಿನ ಹತ್ತಿರವೇ ಇರುವುದರಿಂದ ಪಂಪು ಹೆಚ್ಚು ಎಳೆಯಬೇಕಿರಲಿಲ್ಲ. ಅರ್ಧವಾದಾಗ ಕೆಳಗಿನಿಂದ ಎಳೆಯಬೇಕು. ಏರಿನಲ್ಲಿ ಎಣ್ಣೆಯೂ ಹೆಚ್ಚು ಬೇಕು. ಆಗ ಸೀಳಿನಿಂದ ಗಾಳಿ ನುಗ್ಗುತ್ತಿತ್ತು. ಎಳೆಯುವ ಕೊಳವೆಯಾದ್ದರಿಂದ ಎಣ್ಣೆ ಹೊರಗೆ ತೊಟ್ಟಿಕ್ಕುತ್ತಿರಲಿಲ್ಲ. ನೆಲದ ಮೇಲೆ ಕಲೆಯಿಲ್ಲದ್ದರಿಂದ ಯಾರೂ ಅತ್ತ ನೋಡಿರಲಿಲ್ಲ. ಗುಳ್ಳೆ ಯಾವ ಕಡ್ಡಿಯ ಪಾಲಿಗೆ ಬಂತೋ ಆ ಸಿಲಿಂಡರು ಸುಮ್ಮನಾಗುತ್ತಿತ್ತು. ಅದಕ್ಕೇ ದೋಷ ಮನೆ ಮನೆ ಸುತ್ತುತ್ತಿದ್ದುದು. ಹೊಸ ಪೈಪು, ಎರಡು ಕ್ಲಿಪ್ಪು, ಮೇಸ್ತ್ರಿಯ ಕೂಲಿ ಸೇರಿ ನೂರು ರೂಪಾಯಿಯೊಳಗೆ ಮುಗಿಯಿತು. ಅತ್ತೆ ಅದನ್ನೂ ಬರೆದರು. ಅಲ್ಲಿಂದ ಮುಂದೆ ಗಾಡಿ ಮಾರುವವರೆಗೆ ಪುಸ್ತಕದಲ್ಲಿ ‘ಕೆ’ ಬರಲಿಲ್ಲ.

ಈಗ ಬದನಗುಪ್ಪೆಯ ಪಕ್ಕ ಕೆಲ್ಲಂಬಳ್ಳಿಯವರೆಗೆ ಕೈಗಾರಿಕಾ ಪ್ರದೇಶ ಬಂದಿದೆ. 2020ರ ಏಪ್ರಿಲ್‌ನಿಂದ ಬಿಎಸ್-6 ಗಾಡಿಗಳೇ ಮಾರಾಟವಾಗುವುದು. ಅವುಗಳಲ್ಲಿ ಎಣ್ಣೆಯನ್ನು ಹಳೆಯ ಪಂಪಿಗಿಂತ ಕೆಲವು ಪಟ್ಟು ಹೆಚ್ಚಿನ ಒತ್ತಡದಲ್ಲಿ ಚಿಮ್ಮಿಸುತ್ತಾರೆ. ಎಷ್ಟು, ಯಾವಾಗ ಎಂಬುದನ್ನು ಕಂಪ್ಯೂಟರು ತೀರ್ಮಾನಿಸುತ್ತದೆ. ನಟ್ಟು ಸಡಿಲಿಸಿ ಕಿವಿಗೊಡುವ ಹಾಗಿಲ್ಲ. ಆ ಒತ್ತಡದ ಎಣ್ಣೆ ಕೈಯ ಚರ್ಮವನ್ನೇ ತೂರಿ ಹೋದೀತು. ಹುಡುಗರು ಸ್ಕ್ಯಾನರ್ ಸಿಕ್ಕಿಸಿ ಅದು ತೋರುವ ಸಂಖ್ಯೆ ಓದುತ್ತಾರೆ. ಒತ್ತಡ ಕಡಿಮೆಯಿದೆ ಎಂದು ಯಂತ್ರ ಹೇಳುತ್ತದೆ. ಯಾವ ದಾರಿಯಲ್ಲಿ, ಎಷ್ಟು ಹೊರೆಯಲ್ಲಿ, ಟ್ಯಾಂಕಿನಲ್ಲಿ ಎಷ್ಟಿದ್ದಾಗ ಎಂದು ಕೇಳುವ ಕೆಲಸ ಮಾತ್ರ ಮನುಷ್ಯರಿಗೇ ಉಳಿದಿದೆ.

ನಿಮ್ಮ ಮನೆಯಲ್ಲಿ ಗಾಡಿಯಿದ್ದರೆ, ನೀವು ಓಡಿಸಲಿ ಬಿಡಲಿ, ಅದಕ್ಕೊಂದು ಪುಸ್ತಕವಿಡಿ. ಹಾಲಿನವನ ಲೆಕ್ಕ, ಮಗುವಿನ ಜ್ವರದ ಲೆಕ್ಕ ಇಡುವ ಕೈಗೆ ಅದು ಹೆಚ್ಚಿನ ಕೆಲಸವಲ್ಲ. ಅತ್ತೆಯ ಬಳೆಗಳನ್ನು ಅವರ ಮೊಮ್ಮಗಳ ಮದುವೆಯಲ್ಲಿ ನಾನೇ ಆ ಹುಡುಗಿಯ ಕೈಗೆ ತೊಡಿಸಿದೆ.