ಕಾರ್ಬನ್ ಫೈಬರ್ ಸಂಯುಕ್ತಗಳ ಬಲ ಮತ್ತು ಬಿರುಕು ನಿರೋಧ

ಇಂಗಾಲದ ಸೂಕ್ಷ್ಮ ಎಳೆಗಳನ್ನು ಎಪಾಕ್ಸಿಯಂಥ ರಾಳದಲ್ಲಿ ಹುದುಗಿಸಿ, ಪದರ ಪದರವಾಗಿ ಜೋಡಿಸಿ, ಶಾಖ ಮತ್ತು ಒತ್ತಡದಲ್ಲಿ ಗಟ್ಟಿಗೊಳಿಸಿದ ವಸ್ತು. ಎಳೆಯ ವ್ಯಾಸ 5ರಿಂದ 10 ಮೈಕ್ರೋಮೀಟರ್. ಸಂಯುಕ್ತದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.6 ಗ್ರಾಂ, ಅಲ್ಯೂಮಿನಿಯಮ್ಮಿನದು 2.7.

ಬಲ: ಹೊರೆಯನ್ನು ಹೊರುವುದು ಎಳೆ; ಅದನ್ನು ಎಳೆಯಿಂದ ಎಳೆಗೆ ಹಂಚುವುದು ರಾಳ. ಸಾಮಾನ್ಯ ದರ್ಜೆಯ ಎಳೆಯ ಕರ್ಷಣ ಬಲ ಸುಮಾರು 3.5 ಗಿಗಾಪಾಸ್ಕಲ್. ಎಳೆಗೆ ಅಡ್ಡವಾಗಿ ಎಳೆದಾಗ ಮಾತ್ರ ವಸ್ತು ತೀರಾ ದುರ್ಬಲ. ಆದ್ದರಿಂದ ಪದರಗಳನ್ನು 0, 45, 90 ಡಿಗ್ರಿ ಕೋನಗಳಲ್ಲಿ ಹೊಂದಿಸುತ್ತಾರೆ.

ಬಿರುಕು: ಲೋಹ ಮುರಿಯುವ ಮುನ್ನ ಬಾಗಿ ಎಚ್ಚರಿಸುತ್ತದೆ; ಈ ವಸ್ತು ಹಾಗಲ್ಲ. ರಾಳ ಸೀಳುವುದು, ಎಳೆ ರಾಳದಿಂದ ಕಳಚುವುದು, ಪದರಗಳು ಬಿಡುವುದು, ಕೊನೆಗೆ ಎಳೆ ತುಂಡಾಗುವುದು ಹಾನಿಯ ಬಗೆಗಳು. ಕೈಜಾರಿದ ಉಪಕರಣದ ಪೆಟ್ಟೂ ಮೇಲ್ಮೈಯಲ್ಲಿ ಗುರುತಿಲ್ಲದೆ ಒಳಪದರಗಳನ್ನು ಬೇರ್ಪಡಿಸಿ, ಸಂಪೀಡನ ಬಲವನ್ನು ತಗ್ಗಿಸಬಲ್ಲದು. ಅದಕ್ಕೇ ಅಲ್ಟ್ರಾಸೌಂಡ್ ತಪಾಸಣೆ ಅನಿವಾರ್ಯ. ರಾಳಕ್ಕೆ ಥರ್ಮೋಪ್ಲಾಸ್ಟಿಕ್ ಬೆರೆಸಿ, ಪದರಗಳನ್ನು ಅಡ್ಡಲಾಗಿ ಹೊಲಿದು ಬಿರುಕಿಗೆ ತಡೆ ಒಡ್ಡುತ್ತಾರೆ.

ಕರ್ನಾಟಕದಲ್ಲಿ: ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ಈ ಕ್ಷೇತ್ರದ ಪ್ರಮುಖ ಕೇಂದ್ರ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು 45% ಸಂಯುಕ್ತಗಳದ್ದು. ಅದರ ಬಾಲದ ಲಂಬ ರೆಕ್ಕೆ ಮತ್ತು ಚುಕ್ಕಾಣಿಯನ್ನು ಎನ್‌ಎಎಲ್ ರೂಪಿಸಿತು. ಬಿಡಿಭಾಗಗಳನ್ನು ಒಟ್ಟಿಗೇ ಗಟ್ಟಿಗೊಳಿಸುವ ವಿಧಾನದಿಂದ ತಿರುಪು ರಂಧ್ರಗಳು ಕಡಿಮೆಯಾಗುತ್ತವೆ. ಅಂಥ ರಂಧ್ರಗಳ ಅಂಚಿನಲ್ಲೇ ಒತ್ತಡ ಕೇಂದ್ರೀಕರಿಸಿ ಹಾನಿ ಮೊದಲಾಗುವ ಕಾರಣ, ಇದು ಹಗುರತೆಯ ಜೊತೆಗೆ ಸುರಕ್ಷತೆಯ ಗಳಿಕೆಯೂ ಹೌದು.